ವಾರ್ನರ್ ಗೆದ್ದಿದ್ದು ಬರೀ ಅದೃಷ್ಟದಿಂದಲ್ಲ
ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಆಗಿದ್ದ ಕರ್ಟ್ ವಾರ್ನರ್ ಕಥೆಯನ್ನು ನಿಮ್ಮ ಲೇಖನದಲ್ಲಿ ಅದೃಷ್ಟ ಅಂತ ಮುಗಿಸಿದ್ದು ಯಾಕೋ ಸರಿ ಕಾಣಲಿಲ್ಲ. 1994ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡ ಕೈಬಿಟ್ಟ ಮೇಲೆ ಅಯೋವಾದ ಸೂಪರ್‌ಮಾರ್ಕೆಟ್‌ನಲ್ಲಿ ರಾತ್ರಿ ಪಾಳಿ, ಗಂಟೆಗೆ ಐದೂವರೆ ಡಾಲರ್‌ಗೆ ಸಾಮಾನು ಜೋಡಿಸುವ ಕೆಲಸ. ಇದನ್ನು ಎಲ್ಲರೂ ಹೇಳುತ್ತಾರೆ. ಆಮೇಲಿನ ಅರೀನಾ ಫುಟ್‌ಬಾಲ್ (ಒಳಾಂಗಣದಲ್ಲಿ ಆಡುವ ಅದೇ ಆಟ) ವರ್ಷಗಳನ್ನು ಯಾಕೆ ಬಿಟ್ಟಿರಿ? ಅಲ್ಲಿ ಮೈದಾನ ಬರೀ 50 ಗಜ. ಚೆಂಡು ಕೈಗೆ ಬಂದ ತಕ್ಷಣ ಎಸೆಯಬೇಕು, ಯೋಚಿಸುತ್ತಾ ನಿಂತರೆ ಎದುರಾಳಿ ಮೈಮೇಲೇ ಬೀಳುತ್ತಾನೆ. ಆ ಚುರುಕೇ 1999ರಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡಕ್ಕೆ 41 ಟಚ್‌ಡೌನ್ ಪಾಸ್ (ಅಂಕ ತರುವ ಎಸೆತ) ತಂದುಕೊಟ್ಟಿದ್ದು. ತಂಡದ ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್ ಮೊಣಕಾಲಿಗೆ ಪೆಟ್ಟಾಗಿ ಜಾಗ ಸಿಕ್ಕಿತು, ನಿಜ. ಅದನ್ನು ಉಳಿಸಿಕೊಂಡಿದ್ದೂ ಅದೃಷ್ಟಾನಾ? ಆ ಸೀಸನ್ನಿನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ 414 ಗಜ ಎಸೆದು ಗೆಲ್ಲಿಸಿದರು. 37ನೇ ವಯಸ್ಸಿನಲ್ಲಿ ಅರಿಜೋನಾ ಕಾರ್ಡಿನಲ್ಸ್ ತಂಡವನ್ನೂ ಅಲ್ಲಿವರೆಗೆ ಒಯ್ದರು, ಸೋತರೂ ಪರವಾಗಿಲ್ಲ.