ಹಾಸಿಗೆಯ ಶಿಸ್ತು ಕೆಡಿಸುವ ರೋಗಿಗಳು

ಸೈನ್ಯದಲ್ಲಿ ಕಾಯಿಲೆ ಬೀಳುವುದಕ್ಕೂ ಹೊತ್ತುಗೊತ್ತು ಇದೆ. ಬೆಳಗಿನ ಕವಾಯತಿಗೆ ಮುಂಚೆ, ಗಡ್ಡ ಹೆರೆದುಕೊಂಡು, ಬೂಟಿಗೆ ಪಾಲಿಶ್ ತಿಕ್ಕಿ, ಸಾಲಿನಲ್ಲಿ ನಿಂತು ಕಾಯಿಲೆ ಬೀಳಬೇಕು. ಇದಕ್ಕೆ ಸಿಕ್ ಪರೇಡ್ ಎಂದು ಹೆಸರು. ಅದು ಮುಗಿದ ಮೇಲೆ ಹೊಟ್ಟೆ ನುಲಿದರೆ ಅದು ರೋಗವಲ್ಲ, ಅಶಿಸ್ತು. ಮಧ್ಯಾಹ್ನದ ಜ್ವರ ಮರುದಿನ ಬೆಳಗಿನವರೆಗೆ ಕಾದಿರಬೇಕು. ಅಷ್ಟರಲ್ಲಿ ತಾನಾಗಿ ಇಳಿದುಹೋದರೆ ಅಂಥ ಜ್ವರ ಬಂದೇ ಇರಲಿಲ್ಲ. ಗಡ್ಡ ಹೆರೆದುಕೊಳ್ಳುವಷ್ಟು ತ್ರಾಣ ಇದ್ದವನು ರೋಗಿಯಲ್ಲ. ಹೆರೆದುಕೊಳ್ಳದೆ ಬಂದವನಿಗೆ ರೋಗಿಯಾಗುವ ಯೋಗ್ಯತೆಯಿಲ್ಲ. ಈ ಎರಡರ ನಡುವಿನ ಸಂದಿಯಲ್ಲಿ ನುಸುಳಿ ಬಂದವರಿಗೆ ಮಾತ್ರ ಡಾಕ್ಟರ ದರ್ಶನ.

ಆ ಸಂದಿಯ ಬಾಯಲ್ಲಿ ರಿಜಿಸ್ಟರ್ ಹಿಡಿದು ಕೂತಿರುವ ಹುಡುಗ ನಮ್ಮ ಕಥಾನಾಯಕ. ಮೀಸೆ ಈಗಷ್ಟೇ ಮೂಡುತ್ತಿರುವ ವಯಸ್ಸು. ವೈದ್ಯಕೀಯ ದಳಕ್ಕೆ ಸೇರುವ ಮುನ್ನ ಅವನು ನೋಡಿದ ಚಿತ್ರದಲ್ಲಿ, ಹೊಗೆಯ ನಡುವೆ ಗಾಯಾಳುವನ್ನು ಹೆಗಲ ಮೇಲೆ ಹಾಕಿಕೊಂಡು ಓಡುತ್ತಿರುವ ಒಬ್ಬ ವೀರನಿದ್ದ. ಸೇರಿದ ಮೇಲೆ ಅವನು ಹೆಗಲ ಮೇಲೆ ಹೊತ್ತದ್ದೆಲ್ಲ ಕಂಬಳಿ. ಬೆಳಿಗ್ಗೆ ಎಣಿಸಿ ಇಡು, ಸಂಜೆ ಎಣಿಸಿ ಇಡು, ಮಡಿಕೆಯ ಅಂಚು ಬಾಗಿಲ ಕಡೆ ನೋಡುತ್ತಿರಲಿ. ಅಂಚು ಯಾಕೆ ಬಾಗಿಲ ಕಡೆ ಎಂದು ಒಮ್ಮೆ ಕೇಳಿದ. ಆಮೇಲೆ ಇಡೀ ವಾರ್ಡಿನ ಕಂಬಳಿ ಬಿಡಿಸಿ ಮತ್ತೆ ಮಡಿಸಿದ. ಕೇಳುವುದನ್ನು ಅಲ್ಲಿಗೆ ಬಿಟ್ಟ.

ಚಿಕಿತ್ಸೆಯ ವಿಷಯದಲ್ಲಿ ಸೈನ್ಯಗಳಿಗೆ ದೊಡ್ಡ ಪರಂಪರೆಯೇ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನಿಕರಿಗೆ ‘ನಂಬರ್ ನೈನ್’ ಎಂಬ ಗುಳಿಗೆ ಚಿರಪರಿಚಿತ. ಅದು ಭೇದಿ ಮಾತ್ರೆ. ತಲೆ ಸಿಡಿಯುತ್ತಿದೆ ಎಂದವನಿಗೂ ಅದೇ, ಕಾಲು ಉಳುಕಿದೆ ಎಂದವನಿಗೂ ಅದೇ ಎಂದು ಸಿಪಾಯಿಗಳು ನಗುತ್ತಿದ್ದರು. ಹೌಸಿ (ತಂಬೋಲ) ಆಟದಲ್ಲಿ ಒಂಬತ್ತು ಬಂದಾಗ ‘ಡಾಕ್ಟರ್ಸ್ ಆರ್ಡರ್ಸ್’ ಎಂದು ಕೂಗುವುದು ಆ ಗುಳಿಗೆಯ ನೆನಪಿಗೇ. ಗುಳಿಗೆಯ ಜೊತೆ ರಿಜಿಸ್ಟರಿನಲ್ಲಿ ಎರಡಕ್ಷರ ಬೀಳುತ್ತಿತ್ತು: ‘ಎಂ ಅಂಡ್ ಡಿ’, ಮೆಡಿಸಿನ್ ಅಂಡ್ ಡ್ಯೂಟಿ. ನುಂಗು, ನಡೆ. ನೂರು ವರ್ಷದಲ್ಲಿ ವಿಜ್ಞಾನ ಸುಮ್ಮನೆ ಕೂತಿಲ್ಲ. ಗುಳಿಗೆ ಬದಲಾಗಿ ಪ್ಯಾರಾಸಿಟಮಾಲ್ ಆಗಿದೆ, ಜೊತೆಗೆ ‘ನೀರು ಜಾಸ್ತಿ ಕುಡಿ’ ಎಂಬ ಉಪದೇಶ ಸೇರಿದೆ. ನಡೆ ಎನ್ನುವುದು ಹಾಗೇ ಇದೆ.

ಆದರೂ ಒಮ್ಮೊಮ್ಮೆ ನಿಜವಾದ ರೋಗಿ ಬಂದುಬಿಡುತ್ತಾನೆ. ವೈದ್ಯಕೀಯ ದಳದಲ್ಲಿ ಇದಕ್ಕಿಂತ ಮುಜುಗರದ ಸಂಗತಿ ಇಲ್ಲ. ರೋಗಿ ಬಂದರೆ ಹಾಸಿಗೆಯ ಮೇಲೆ ಮಲಗುತ್ತಾನೆ. ಮಲಗಿದರೆ ಚಾದರ ಸುಕ್ಕಾಗುತ್ತದೆ. ವಾಂತಿ ಮಾಡಿದನೋ, ಬೇಸಿನ್ನು ಹೊರಗೆ ಬರಬೇಕು. ಆ ಬೇಸಿನ್ನು ತಪಾಸಣೆಗೆಂದು ಥಳಥಳ ಬೆಳಗಿ, ಗೋಡೆಯಿಂದ ಇಂತಿಷ್ಟೇ ದೂರದಲ್ಲಿ ಇಟ್ಟದ್ದು. ಅದಕ್ಕೇ ಅನುಭವಸ್ಥರು ವಾರ್ಡಿನ ಮೂಲೆಯಲ್ಲಿ ಒಂದು ಹರಕು ಮಂಚವನ್ನು ಲೆಕ್ಕಕ್ಕೆ ಸಿಗದಂತೆ ಇಟ್ಟುಕೊಂಡಿರುತ್ತಾರೆ. ರೋಗಿಗಳೆಲ್ಲ ಅದರಲ್ಲಿ. ಉಳಿದ ಮಂಚಗಳು ಆರೋಗ್ಯವಾಗಿವೆ.

ಇನ್ನು ಸ್ಟೋರು. ಟೂರ್ನಿಕೆ ಎಂದು ಒಂದು ಪಟ್ಟಿ ಇದೆ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷದಲ್ಲಿ ಪ್ರಾಣ ಹೋಗುತ್ತದೆ. ಗಾಯದ ಮೇಲ್ಭಾಗದಲ್ಲಿ ಈ ಪಟ್ಟಿ ಬಿಗಿದು, ಕಡ್ಡಿ ತಿರುಗಿಸಿ, ರಕ್ತ ನಿಂತ ಮೇಲೆ ಕಟ್ಟಿದ ಹೊತ್ತು ಬರೆದಿಡಬೇಕು. ಇರಾಕ್, ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಈ ಸಣ್ಣ ಸಾಧನ ಉಳಿಸಿದ ಜೀವಗಳು ಬಹಳ. ತರಬೇತಿಯಲ್ಲಿ ಹುಡುಗನಿಗೆ ಹೇಳಿಕೊಟ್ಟದ್ದು ಹೀಗೆ: ಮೇಲಿನ ಪ್ಲಾಸ್ಟಿಕ್ ಹರಿದು ಬಿಸಾಕು, ಒಂದೇ ಕೈಯಲ್ಲಿ ಎಳೆಯಲು ಬರುವಂತೆ ಮಡಿಸಿಟ್ಟುಕೊ, ರಕ್ತ ಚಿಮ್ಮುವಾಗ ಪ್ಲಾಸ್ಟಿಕ್ ಬಿಡಿಸುತ್ತಾ ಕೂರಬೇಡ. ಅವನು ಹಾಗೇ ಮಾಡಿದ. ದಾಸ್ತಾನು ತಪಾಸಣೆಯ ದಿನ ಸ್ಟೋರಿನ ಸಾಹೇಬರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

‘ಇದರ ಪ್ಲಾಸ್ಟಿಕ್ ಎಲ್ಲಿ?’

‘ಹರಿದೆ ಸಾರ್. ಸಿದ್ಧವಾಗಿರಲಿ ಅಂತ.’

‘ಹರಿದಿದ್ದು ಅಂದರೆ ಬಳಸಿದ್ದು. ಬಳಸಿದ್ದಾದರೆ ಗಾಯಾಳು ಎಲ್ಲಿ? ಅವನ ಹೆಸರು, ನಂಬರು, ಕೇಸ್ ಪೇಪರು?’

ಹುಡುಗ ಸುತ್ತಮುತ್ತ ನೋಡಿದ. ಅಕಸ್ಮಾತ್ ಯಾರಾದರೂ ರಕ್ತ ಸುರಿಸುತ್ತಾ ನಿಂತಿದ್ದರೆ ಆ ಹೊತ್ತಿಗೆ ಅನುಕೂಲವಾಗುತ್ತಿತ್ತು. ಈಗ ಆ ದಳದ ಟೂರ್ನಿಕೆಗಳೆಲ್ಲ ಪ್ಲಾಸ್ಟಿಕ್ಕಿನೊಳಗೆ, ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ, ಪೆಟ್ಟಿಗೆ ಕಪಾಟಿನೊಳಗೆ, ಬೀಗದ ಕೈ ಸಾಹೇಬರ ಸೊಂಟದಲ್ಲಿ, ಸಾಹೇಬರು ರಜೆಯಲ್ಲಿ ಇದ್ದಾರೆ.

ಇದನ್ನು ಇಂದಿನವರ ಆವಿಷ್ಕಾರ ಎಂದುಕೊಂಡರೆ ಹಿರಿಯರಿಗೆ ಅನ್ಯಾಯ. 1854ರ ನವೆಂಬರಿನಲ್ಲಿ ದಾದಿ ಫ್ಲಾರೆನ್ಸ್ ನೈಟಿಂಗೇಲ್ ಟರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಗೆ ಬಂದಿಳಿದಾಗ, ಕ್ರಿಮಿಯಾ ಯುದ್ಧದ ಸೈನಿಕರು ಗುಂಡಿಗಿಂತ ಹೆಚ್ಚಾಗಿ ಕಾಲರಾ, ಟೈಫಸ್, ಆಮಶಂಕೆಗೆ ಸಾಯುತ್ತಿದ್ದರು. ಮೈಮೇಲೆ ಬಟ್ಟೆಯಿಲ್ಲದೆ ಜನ ನಡುಗುತ್ತಿರುವಾಗ ಸಾವಿರಗಟ್ಟಲೆ ಅಂಗಿಗಳು ಬಂದು ಬಿದ್ದಿದ್ದವು. ಗಂಟು ಬಿಚ್ಚಬೇಕಾದರೆ ಒಂದು ಮಂಡಳಿ ಕೂತು, ನೋಡಿ, ಒಪ್ಪಿಗೆ ಕೊಡಬೇಕಿತ್ತು. ಮಂಡಳಿ ಕೂತಿರಲಿಲ್ಲ. ಇತ್ತ ಕ್ರಿಮಿಯಾದ ಬಂದರು ಬಾಲಕ್ಲಾವಾದಲ್ಲಿ, ಸಿ ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿ ಹಿಡಿದವರಿಗೆಂದು ಹಡಗಿನಲ್ಲಿ ಬಂದ ನಿಂಬೆರಸ ವಾರಗಟ್ಟಲೆ ಹಾಗೇ ಉಳಿಯಿತು. ದಿನದ ಪಡಿಯಲ್ಲಿ ನಿಂಬೆರಸ ಕೊಡಬೇಕೆಂಬ ಆದೇಶ ಇರಲಿಲ್ಲವಂತೆ. ನೈಟಿಂಗೇಲ್ ಅಂಕಿಅಂಶಗಳ ಬೆನ್ನು ಹತ್ತಿದ್ದರಲ್ಲಿ ಆಶ್ಚರ್ಯವೇನಿಲ್ಲ. ಅಲ್ಲಿ ಅಂಗಿಯನ್ನು ಎಣಿಸುವವರಿದ್ದರು, ಹೆಣ ಎಣಿಸುವವರು ಬೇಕಾಗಿತ್ತು.

ಅಂತರರಾಷ್ಟ್ರೀಯ ಕಾನೂನಾದರೂ ಹುಡುಗನ ಪರ ಇದೆಯೇ ಎಂದರೆ, ಇದೆ. 1949ರ ಜಿನೀವಾ ಒಪ್ಪಂದದ ಪ್ರಕಾರ ವೈದ್ಯಕೀಯ ಸೈನಿಕ ಎಡತೋಳಿಗೆ ರೆಡ್ ಕ್ರಾಸ್‌ನಂಥ ಲಾಂಛನದ ಪಟ್ಟಿ ಕಟ್ಟಬೇಕು. ಅದು ನೀರಿಗೆ ಕೆಡದಂಥದ್ದಾಗಿರಬೇಕು, ಸೇನಾಡಳಿತದ ಠಸ್ಸೆ ಬಿದ್ದಿರಬೇಕು. ಗುರುತಿನ ಚೀಟಿಯೂ ನೀರಿಗೆ ಕೆಡಬಾರದು, ಜೇಬಿನಲ್ಲಿ ಹಿಡಿಸುವಂತಿರಬೇಕು. ಕಳೆದುಹೋದರೆ ಇನ್ನೊಂದು ಪಡೆಯುವುದು ಅವನ ಹಕ್ಕು ಎಂದು ಕೂಡ ಅದೇ ಕಲಮಿನಲ್ಲಿದೆ. ಲೋಕದ ರಾಷ್ಟ್ರಗಳೆಲ್ಲ ಒಪ್ಪಿ ಸಹಿ ಹಾಕಿ ಕೊಟ್ಟ ಹಕ್ಕು! ದೇವರು ವರ ಕೊಟ್ಟರೂ ಪೂಜಾರಿ ಕೊಡ. ತೋಳಪಟ್ಟಿ ಕಳೆದುಕೊಂಡ ಹುಡುಗನಿಗೆ ಸ್ಟೋರಿನವರು ಹೇಳಿದ್ದು: ಮೂರು ಪ್ರತಿಯಲ್ಲಿ ಅರ್ಜಿ ಬರೆ, ಕಳೆದುಹೋದ ಪಟ್ಟಿಯನ್ನು ಅರ್ಜಿಗೆ ಲಗತ್ತಿಸು.

ಇಷ್ಟೆಲ್ಲದರ ನಡುವೆ ಹುಡುಗನಿಗೆ ಸುಖದ ದಿನವೂ ಉಂಟು. ಅದು ಸಾಮೂಹಿಕ ಗಾಯಾಳುಗಳ ಅಭ್ಯಾಸದ ದಿನ. ನೆಪೋಲಿಯನ್ನನ ಶಸ್ತ್ರವೈದ್ಯ ಲ್ಯಾರಿ, ಜನರಲ್ಲಾಗಲಿ ಸಿಪಾಯಿಯಾಗಲಿ, ಗಾಯ ಯಾರದು ಹೆಚ್ಚು ಕೆಟ್ಟದ್ದೋ ಅವನಿಗೆ ಮೊದಲ ಚಿಕಿತ್ಸೆ ಎಂದು ಹಟ ಹಿಡಿದವನು. ಆ ವಿಚಾರ ಬೆಳೆದು ಈಗ ಬಣ್ಣದ ಚೀಟಿಗಳಾಗಿದೆ. ಕೆಂಪು ಎಂದರೆ ತಕ್ಷಣ, ಹಳದಿ ಎಂದರೆ ಸ್ವಲ್ಪ ತಡೆದೀತು, ಹಸಿರು ಎಂದರೆ ನಡೆದು ಹೋಗುವವನು, ಕಪ್ಪು ಎಂದರೆ ಮುಗಿಯಿತು. ಅಭ್ಯಾಸದಲ್ಲಿ ಹುಡುಗರೇ ಗಾಯಾಳುಗಳು. ಕೆಂಪು ಚೀಟಿಯವನನ್ನು ಸ್ಟ್ರೆಚರಿನಲ್ಲಿ ಕುಲುಕಾಡಿಸಿ, ಎರಡು ಸಲ ಬೀಳಿಸಿ, ಕೈಕಾಲು ಬಿಗಿದು ‘ಉಳಿಸು’ತ್ತಾರೆ. ಹಸಿರಿನವನ ಕೈಗೆ ಸ್ಟ್ರೆಚರಿನ ಒಂದು ತುದಿ ಕೊಟ್ಟು ಹೊರು ಎನ್ನುತ್ತಾರೆ. ಕಪ್ಪು ಚೀಟಿಯವನಿಗೆ ಮಾತ್ರ ಮರದ ನೆರಳು, ಮೇಲೊಂದು ಕಂಬಳಿ, ಸಂಜೆಯವರೆಗೆ ನಿದ್ದೆ.

ಹೀಗಾಗಿ ದೇಶಕ್ಕಾಗಿ ಸಾಯಲು ಇಡೀ ದಳ ತುದಿಗಾಲಲ್ಲಿ ನಿಲ್ಲುತ್ತದೆ. ‘ಅಣ್ಣಾ, ಈ ಸಲ ನನ್ನನ್ನು ಸಾಯಿಸಣ್ಣಾ, ಹೋದ ಸಲ ತೊಡೆಮೂಳೆ ಮುರಿದುಕೊಂಡಿದ್ದೆ’ ಎಂದು ಚೀಟಿ ಹಂಚುವವನ ಹಿಂದೆ ಸುತ್ತುತ್ತಾರೆ. ಹೆಣಕ್ಕೆ ಪಾಳಿ ಇದೆ, ಪಾಳಿ ಅದಲುಬದಲು ಇದೆ, ಅದಕ್ಕೆ ಸಿಗರೇಟಿನ ದರವೂ ಇದೆ. ಒಮ್ಮೆ ಮೌಲ್ಯಮಾಪನದ ವರದಿಯಲ್ಲಿ ಬಂದ ಆಕ್ಷೇಪ: ‘ಸತ್ತವರು ಗೊರಕೆ ಹೊಡೆಯುತ್ತಿದ್ದರು. ಮುಂದಿನ ಸಲ ಸರಿಪಡಿಸತಕ್ಕದ್ದು.’ ಸರಿಪಡಿಸಲು ಒಂದು ಉಪಸಮಿತಿ ಆಗಿದೆ. ಉಳಿಸುವುದರಲ್ಲಿ ಕಂಡ ದೋಷಗಳ ಬಗ್ಗೆ ಸಮಿತಿ ಆಗಿಲ್ಲ, ಯಾಕೆಂದರೆ ಬದುಕಿ ಉಳಿದವರಾರೂ ದೂರು ಕೊಡುವ ಸ್ಥಿತಿಯಲ್ಲಿರಲಿಲ್ಲ.

ವರ್ಷದ ದೊಡ್ಡ ತಪಾಸಣೆ ಬಂತು. ಅಂಬುಲೆನ್ಸಿನ ಚಕ್ರಕ್ಕೆ ಕಪ್ಪು ಬಣ್ಣ, ದಾರಿಯ ಕಲ್ಲಿಗೆ ಬಿಳಿ ಬಣ್ಣ. ಅಂಬುಲೆನ್ಸ್ ಸ್ಟಾರ್ಟ್ ಆಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಬಣ್ಣ ಒಣಗುವವರೆಗೆ ಅದನ್ನು ಮುಟ್ಟಬಾರದು ಎಂಬ ಬೋರ್ಡು ಹಾಕಿ ಆ ಸಮಸ್ಯೆ ಬಗೆಹರಿಸಿದರು. ಮೂಲೆಯ ಹರಕು ಮಂಚವನ್ನು ರಾತ್ರೋರಾತ್ರಿ ಸಾಗಿಸಿದರು. ಮೂರು ರಾತ್ರಿ ನಿದ್ದೆಗೆಟ್ಟು ಕಲ್ಲಿಗೆ ಬಣ್ಣ ಬಳಿದ ನಮ್ಮ ಹುಡುಗನಿಗೆ ಆ ಬೆಳಿಗ್ಗೆಯೇ ಮೈ ಕೆಂಡದಂತೆ ಜ್ವರ. ಸಿಕ್ ಪರೇಡ್ ರದ್ದು, ತಪಾಸಣೆ ಇದೆಯಲ್ಲ. ಸಾಲಿನಲ್ಲಿ ನಿಲ್ಲಲಾಗದೆ ವಾರ್ಡಿಗೆ ತೂರಾಡಿಕೊಂಡು ಬಂದ, ಇಸ್ತ್ರಿ ಮಾಡಿದ ಚಾದರ ಕಂಡು ಹೆದರಿದ, ಎರಡು ಮಂಚಗಳ ನಡುವೆ ನೆಲದ ಮೇಲೆ ಬಿದ್ದುಕೊಂಡ.

ಹಿರಿಯ ಅಧಿಕಾರಿಗಳು ಪರಿವಾರ ಸಮೇತ ಒಳಗೆ ಬಂದಾಗ ಕಂಡದ್ದು ಆ ದೃಶ್ಯ. ಸಾಹೇಬರ ಮುಖ ಬಿಳುಚಿತು. ಪಕ್ಕದಲ್ಲಿದ್ದ ಇನ್ನೊಬ್ಬ ಹುಡುಗ ಸಮಯಪ್ರಜ್ಞೆ ತೋರಿದ.

‘ಪ್ರಾತ್ಯಕ್ಷಿಕೆ ಸಾರ್. ಅಭ್ಯಾಸದ ರೋಗಿ.’

ಅಧಿಕಾರಿಗಳು ಬಗ್ಗಿ ಹಣೆ ಮುಟ್ಟಿ ನೋಡಿದರು. ಹುಬ್ಬೇರಿತು. ‘ಮೈ ಬಿಸಿಯನ್ನೂ ತಂದಿದ್ದೀರಲ್ಲ! ನಡುಕ, ಬೆವರು, ಕಣ್ಣು ಕೆಂಪು, ಎಲ್ಲ ಇದೆ. ಭೇಷ್, ಇಷ್ಟು ನೈಜವಾದ ಅಭ್ಯಾಸವನ್ನು ನಾನು ಎಲ್ಲೂ ಕಂಡಿಲ್ಲ.’ ದಳಕ್ಕೆ ಅತ್ಯುತ್ತಮ ದರ್ಜೆ ಬರೆದರು. ಷರಾದಲ್ಲಿ ಒಂದೇ ಸಾಲು ಸೇರಿಸಿದರು: ರೋಗಿಯ ನರಳಾಟ ಸ್ವಲ್ಪ ಅತಿಯಾಯಿತು.