ಕಕ್ಷೆಗೆ ಹೋಗದ ಕಡಕ್ ರೊಟ್ಟಿ

ಧಾರವಾಡದ ಹೆಸರುಕಾಳು, ಮೆಂತ್ಯೆ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದಾಗಿನಿಂದ ಲೈನ್ ಬಜಾರಿನ ಚಹಾದಂಗಡಿಯ ಕಟ್ಟೆಯ ಮೇಲೆ ಒಂದು ಪ್ರಶ್ನೆ ಕಾಯಂ ಆಗಿಬಿಟ್ಟಿದೆ. ‘ಕಾಳು ಒಯ್ದ್ರು, ಖರೇ. ನಾಕು ಕಡಕ್ ರೊಟ್ಟಿ ಒಯ್ಯಾಕ ಏನ್ ಧಾಡಿ ಆಗಿತ್ರಿ?’ ಕೇಳುವವರಿಗೆ ಉತ್ತರ ಬೇಕಿರುವುದಿಲ್ಲ, ಇನ್ನರ್ಧ ಕಪ್ ಚಹಾ ಬೇಕಿರುತ್ತದೆ. ಆದರೂ ಹೇಳಿಬಿಡುವುದು ವಾಸಿ.

ಮೊದಲು ಕಾಳಿನ ಮಾತು. ಅದು ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಧಾರವಾಡ ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ ರೂಪಿಸಿದ ಪ್ರಯೋಗ. 2025ರ ಜೂನ್ ಕೊನೆಗೆ ನಿಲ್ದಾಣ ತಲುಪಿದ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಪೆಟ್ರಿ ತಟ್ಟೆಯಲ್ಲಿ ಕಾಳು ಮೊಳಕೆಯೊಡೆಸಿ, ಫೋಟೊ ತೆಗೆದು, ಫ್ರೀಜರಿಗಿಟ್ಟರು. ಕೋಸಂಬರಿ ಮಾಡಿ ತಿಂದರೆಂದು ಊರತುಂಬ ಹೇಳಿಕೊಂಡು ತಿರುಗುವವರು ದಯವಿಟ್ಟು ನಿಲ್ಲಿಸಬೇಕು. ತಿಂದುಬಿಟ್ಟರೆ ಪೋಷಕಾಂಶ, ಸೂಕ್ಷ್ಮಜೀವಿಗಳ ಪರೀಕ್ಷೆಯನ್ನು ಯಾವುದರ ಮೇಲೆ ಮಾಡುವುದು?

ಇನ್ನು ರೊಟ್ಟಿ. ಜೋಳದ ಹಿಟ್ಟಿನಲ್ಲಿ ಗೋಧಿ ಹಿಟ್ಟಿಗೆ ಜಿಗುಟು ಕೊಡುವ ಗ್ಲುಟೆನ್ ಇಲ್ಲ. ಕುದಿಯುವ ಎಸರು ಬಿದ್ದಾಗ ಬೇಯುವ ಪಿಷ್ಟವೇ ಹಿಟ್ಟನ್ನು ಹಿಡಿದಿಡುವುದು. ಬಡಿದು, ಸುಟ್ಟು, ಒಣಗಿಸಿದ ಮೇಲೆ ಆ ಹಿಡಿತ ಬಿರುಸಾಗಿ, ಮುರಿದಲ್ಲೆಲ್ಲ ಚೂರು ಸಿಡಿಯುತ್ತದೆ. ಇಲ್ಲಿ ಅದು ತಟ್ಟೆಗೆ ಬೀಳುತ್ತದೆ. 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಆ ಮನೆಯಲ್ಲಿ ಬೀಳುವ ಬಾಬತ್ತೇ ಇಲ್ಲ. ಚೂರು ಕಣ್ಣಿಗೆ, ಮೂಗಿಗೆ, ಉಪಕರಣದ ಸಂದಿಗೆ ಹೊರಡುತ್ತದೆ. ಕೊನೆಗೆ ಫ್ಯಾನು ಗಾಳಿ ಎಳೆಯುವ ಜಾಲರಿಗೆ ಹೋಗಿ ಕೂರುತ್ತದೆ. ಊಟದ ಹೊತ್ತಿಗೆ ಫ್ಯಾನ್ ಬಂದ್ ಮಾಡಲಿ ಎನ್ನುವ ಜಾಣರಿದ್ದಾರೆ. ತೂಕವಿಲ್ಲದ ಕಡೆ ಬಿಸಿಗಾಳಿ ತಾನಾಗಿ ಮೇಲೇರುವುದಿಲ್ಲ. ಗಾಳಿ ಆಡದಿದ್ದರೆ ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಮುಖದ ಸುತ್ತಲೇ ನಿಂತು ತಲೆಶೂಲೆ ತರುತ್ತದೆ. ಹಾಗಾಗಿ ಫ್ಯಾನು ನಿಲ್ಲುವಂತಿಲ್ಲ, ಜಾಲರಿಯ ಕಸ ತಪ್ಪುವುದಿಲ್ಲ. ಶನಿವಾರ ಬಂತೆಂದರೆ ವಿಜ್ಞಾನಿ, ಪೈಲಟ್, ಕಮಾಂಡರ್ ಯಾರೇ ಇರಲಿ, ವ್ಯಾಕ್ಯೂಮ್ ಹಿಡಿದು ಜಾಲರಿಯ ಕಸ ಎಳೆಯಬೇಕು, ಹಿಡಿಕೆಗಳನ್ನು ಒರೆಸಬೇಕು. ಕಳೆದ ಸ್ಕ್ರೂ, ಚಮಚ ಸಿಗುವುದೂ ಆಗಲೇ. ಶುಕ್ಲಾ ಇದ್ದಾಗ ಅಲ್ಲಿ 11 ಜನ. ಒಬ್ಬ ಮುರಿದ ರೊಟ್ಟಿಯ ಚೂರನ್ನು ಇನ್ನೊಬ್ಬ ಬಳಿಯಬೇಕು ಎಂದಾದರೆ ಜಗಳಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಧಾರವಾಡದ ಕೂಡುಕುಟುಂಬಗಳು ಇದಕ್ಕಿಂತ ಸಣ್ಣದಕ್ಕೆ ಒಲೆ ಬೇರೆ ಮಾಡಿಕೊಂಡಿವೆ.

1985ರಲ್ಲಿ ಮೆಕ್ಸಿಕೊದ ಗಗನಯಾತ್ರಿ ರೊಡೊಲ್ಫೊ ನೇರಿ ವೇಲಾ ಅಮೆರಿಕದ ಬಾಹ್ಯಾಕಾಶ ಶಟಲ್‌ನಲ್ಲಿ ಟೋರ್ಟಿಯಾ, ಅಂದರೆ ಅವರ ಕಡೆಯ ಚಪಾತಿ, ಒಯ್ದರು. ಬಾಗುತ್ತದೆ, ಉದುರುವುದಿಲ್ಲ. ಅಂದಿನಿಂದ ಬ್ರೆಡ್ಡು ಹಿಂದೆ ಬಿತ್ತು. ಈ ಲೆಕ್ಕದಲ್ಲಿ ಚಪಾತಿ ಪಾಸು, ರೊಟ್ಟಿ ನಪಾಸು. ಚಪಾತಿಯನ್ನು ಜಡ್ಡಿನವರ ಊಟ ಎನ್ನುವ ಮಂದಿಗೆ ಇದನ್ನು ಅರಗಿಸಿಕೊಳ್ಳುವುದು ಕಷ್ಟ.

ಚಟ್ನಿಪುಡಿಯ ಗತಿ ಇನ್ನೂ ಕೆಟ್ಟದ್ದು. ಅಲ್ಲಿ ಉಪ್ಪನ್ನೇ ನೀರಿನಲ್ಲಿ ಕರಗಿಸಿ, ಕಾಳುಮೆಣಸನ್ನು ಎಣ್ಣೆಯಲ್ಲಿ ಕಲಸಿ ಕೊಡುತ್ತಾರೆ. ಅಂಥಲ್ಲಿ ಶೇಂಗಾ ಚಟ್ನಿಯ ಡಬ್ಬಿ ತೆಗೆದರೆ 11 ಜನರೂ ಒಟ್ಟಿಗೆ ಸೀನಬೇಕಾದೀತು. ಮೈಯ ದ್ರವ ತಲೆಗೇರಿ ಮೂಗು ಕಟ್ಟಿ, ರುಚಿ ಸಪ್ಪೆಯಾಗಿ, ಖಾರಕ್ಕಾಗಿ ಬಾಯಿ ಬಿಡುವವರೂ ಅವರೇ! ಗಟ್ಟಿಯಾಗಿ ಎಣ್ಣೆ ಹಾಕಿ ಕಲಸಿಟ್ಟರೆ ನಡೆದೀತು. ಎಣ್ಣೆಗಾಯಿ ಬದನಿಕಾಯಿಗಂತೂ ತಕರಾರಿಲ್ಲ, ಒದ್ದೆ ಪದಾರ್ಥ ಚಮಚಕ್ಕೆ ಅಂಟಿಕೊಂಡೇ ಇರುತ್ತದೆ. ಶುಕ್ಲಾ ಒಯ್ದದ್ದೂ ಆ ಜಾತಿಯದೇ: ಗಜ್ಜರಿ ಹಲ್ವಾ, ಹೆಸರುಬೇಳೆ ಹಲ್ವಾ, ಮಾವಿನ ರಸ.

ಗಿರ್ಮಿಟ್ ಬಗ್ಗೆ ಹುಬ್ಬಳ್ಳಿಯವರು ಕೇಳಲೇಬಾರದು. ಗೊಜ್ಜು ಒಂದಿಷ್ಟು ಚುರಮರಿಯನ್ನು ಹಿಡಿದೀತು. ಮೇಲೆ ಉದುರಿಸುವ ಪುಟಾಣಿ ಹಿಟ್ಟು, ಸೇವು, ಹಸಿ ಉಳ್ಳಾಗಡ್ಡಿಯನ್ನು ಹಿಡಿಯುವವರು ಯಾರು? ಒಂದು ಪ್ಲೇಟಿಗೆ ಮೂರು ಶನಿವಾರ ಬೇಕು.

ಪೇಡೆ ಮಾತ್ರ ನಡುವಿನ ಕೇಸು. ಒಳಗೆ ಜಿಡ್ಡಿದೆ, ಹೊರಗೆ ಸಕ್ಕರೆ ಉದುರುತ್ತದೆ. ಇಡೀ ಪೇಡೆ ಒಂದೇ ಸಲ ಬಾಯಿಗೆ ಹಾಕಿಕೊಳ್ಳುವವರಾದರೆ ಒಯ್ಯಲಿ. ಮುರಿದು ‘ನೀವೂ ಸ್ವಲ್ಪ ತಗೋರಿ’ ಎಂದು ಉಪಚಾರ ಮಾಡುವವರನ್ನು ಆಯ್ಕೆ ಸಮಿತಿ ಕೆಳಗೇ ಬಿಡಬೇಕು.