ಆಡು ಒಪ್ಪಿದ ನೆಲ

ದೋಣಿಯೊಳಗೆ ಕಾರ್ಪೆಟ್ ಹಾಸಬೇಕೆಂಬ ಆಲೋಚನೆ ಮೊದಲು ಯಾರಿಗೆ ಹೊಳೆಯಿತೋ ಕಾಣೆ. ಆದರೆ ಆ ಮಹಾಶಯರು ಆಡು ಸಾಕಿದವರಲ್ಲ ಎಂಬುದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ರಜೆಯ ದಿನ ಚಪ್ಪಲಿ ಕಳಚಿಟ್ಟು, ಶೇಂಗಾ ತಿನ್ನುತ್ತ, ಕೆರೆಯಲ್ಲೊಂದು ಸುತ್ತು ಹಾಕಿ ಬರುವವರಿಗೆ ಅದು ಒಪ್ಪೀತು. ಬೀಳಗಿ ತಾಲ್ಲೂಕಿನ ಹೊಳೆದಂಡೆಯ ನಮ್ಮೂರಿನಲ್ಲಿ ದೋಣಿ ಏರುವವರ ಪಟ್ಟಿಯೇ ಬೇರೆ: ಮೇವಿನ ಹೊರೆ, ಉಳ್ಳಾಗಡ್ಡಿ ಚೀಲ, ಯೂರಿಯಾ ಗೊಬ್ಬರ, ಡೀಸೆಲ್ ಕ್ಯಾನು, ಐದಾರು ಆಡು, ಅವುಗಳ ಮರಿ, ಕೊನೆಗೆ ಜಾಗ ಉಳಿದರೆ ಮನುಷ್ಯರು.

ಆಲಮಟ್ಟಿಯ ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರದ ನೀರಿನ ಗರಿಷ್ಠ ಮಟ್ಟ 519.60 ಮೀಟರ್. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಕಾಕಾ ಪತ್ರಿಕೆಯಲ್ಲಿ ಮೊದಲು ಹುಡುಕುವುದು ಅಂದಿನ ಮಟ್ಟವನ್ನು. ಬಂಗಾರದ ದರ, ನಿಧನವಾರ್ತೆ, ಮಂತ್ರಿಗಳ ಹೇಳಿಕೆ ಎಲ್ಲವೂ ಆಮೇಲೆ. ಮಟ್ಟ ಏರಿದಂತೆ ಅವರ ಹೊಲದ ದಾರಿ ಹಿನ್ನೀರಿನಲ್ಲಿ ಮುಳುಗಿ, ದಿಬ್ಬದ ಮೇಲಿನ ಹೊಲವಷ್ಟೇ ನಡುಗಡ್ಡೆಯಾಗಿ ಉಳಿಯುತ್ತದೆ. ಆ ಕಾರಣಕ್ಕೆ ಅವರು ಕರಾವಳಿಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸಿ ನಿವೃತ್ತಿಯಾಗಿದ್ದ ಒಂದು ಫೈಬರ್ ದೋಣಿಯನ್ನು ಅಗ್ಗದ ದರಕ್ಕೆ ಕೊಂಡು, ಲಾರಿಯ ಮೇಲೆ ಹೇರಿಸಿ ತಂದರು. ದೋಣಿಯ ತಳದಲ್ಲಿ ಪ್ಲೈವುಡ್ಡಿನ ಹಲಗೆ, ಹಲಗೆಯ ಮೇಲೆ ಅಂಟಿಸಿದ ಹಸಿರು ಕಾರ್ಪೆಟ್ ಇತ್ತು. ಊರವರೆಲ್ಲ ಬಂದು ಕಾರ್ಪೆಟ್ಟನ್ನು ಮುಟ್ಟಿ ನೋಡಿ ಹೋದರು. ದೋಣಿಯ ಎಂಜಿನ್ನನ್ನು ಯಾರೂ ನೋಡಲಿಲ್ಲ.

ಮೊದಲ ಮಳೆಗಾಲದಲ್ಲಿಯೇ ಕಾರ್ಪೆಟ್ ತನ್ನ ಗುಣ ತೋರಿಸಿತು. ಒಮ್ಮೆ ನೆನೆದರೆ ಅದು ಒಣಗುವ ಮಾತೇ ಇರಲಿಲ್ಲ. ಆಡುಗಳು ಅದನ್ನು ಹುಲ್ಲುಗಾವಲೆಂದು ತಿಳಿದವೋ ಬಯಲೆಂದು ತಿಳಿದವೋ, ಹತ್ತಿದ ಕೂಡಲೇ ಮಾಡಬಾರದ ಕೆಲಸ ಮಾಡುತ್ತಿದ್ದವು. ಮೀನು ಹಿಡಿಯಲು ದೋಣಿ ಕೇಳಿ ಒಯ್ದವರು ಹುರುಪೆ, ತುಂಡಾದ ಬಲೆ ಮತ್ತು ಒಂದೆರಡು ಗಾಳಗಳನ್ನು ಅದರ ಎಳೆಗಳ ನಡುವೆ ಕಾಣಿಕೆಯಾಗಿ ಬಿಟ್ಟು ಹೋಗುತ್ತಿದ್ದರು. ಆ ಗಾಳಗಳನ್ನು ಕಾಕಾ ಕಣ್ಣಿನಿಂದಲ್ಲ, ಅಂಗಾಲಿನಿಂದ ಪತ್ತೆ ಹಚ್ಚುತ್ತಿದ್ದರು. ಬುತ್ತಿ ಬಿಚ್ಚಿದಾಗ ಉದುರಿದ ಕಟಕ ರೊಟ್ಟಿಯ ಚೂರು ಮತ್ತು ಗುರೆಳ್ಳು ಚಟ್ನಿಯ ಪುಡಿಯನ್ನು ನಂಬಿಕೊಂಡು ಇರುವೆಗಳ ಒಂದು ಸಂಸಾರ ಅದರೊಳಗೆ ನೆಲೆಸಿತ್ತು. ಕೃಷ್ಣೆಯ ನಟ್ಟನಡುವೆ, ಸುತ್ತ ಎಲ್ಲಿ ನೋಡಿದರೂ ನೀರೇ ನೀರು ಇರುವಲ್ಲಿ, ಇರುವೆ ಕಚ್ಚಿಸಿಕೊಳ್ಳುವ ಯೋಗ ಎಲ್ಲರಿಗೂ ಒದಗುವಂಥದ್ದಲ್ಲ.

ನಾತದ ವಿಷಯವನ್ನು ನಾನು ವಿವರಿಸಲಾರೆ. ದೋಣಿ ದಂಡೆಗೆ ಬರುವ ಸುದ್ದಿ ಎಂಜಿನ್ನಿನ ಸದ್ದಿಗಿಂತ ಮೊದಲು ಮೂಗಿಗೆ ಮುಟ್ಟುತ್ತಿತ್ತು ಎಂದರೆ ಸಾಕು.

ಕಿತ್ತು ಹಾಕಿರೆಂದು ಹೇಳಿದರೆ ಕಾಕಾ ಒಪ್ಪಲಿಲ್ಲ. “ತಮ್ಮಾ, ರೊಕ್ಕಾ ಕೊಟ್ಟು ತಂದ ದೋಣಿ ಐತಿ. ಹಿಂಗ ಕಿತ್ತಿ ಒಗ್ಯಾಕ ಬರಾಂಗಿಲ್ಲ” ಎಂದರು. ಒಂದು ದಿನ ಗೊಬ್ಬರದ ಚೀಲ ಇಳಿಸುವಾಗ ಅವರ ಬಲಗಾಲು ಕಾರ್ಪೆಟ್ ಸಮೇತ ಹಲಗೆಯೊಳಗೆ ಮೊಣಕಾಲಿನ ತನಕ ಇಳಿಯಿತು. ಆಗ ಬಂತು. ಕಾರ್ಪೆಟ್ಟಿನ ನೂಲು ಕೃತಕವಾದ್ದರಿಂದ ಅದು ತಾನು ಕೊಳೆಯುವುದಿಲ್ಲ; ನೀರನ್ನು ಹಿಡಿದಿಟ್ಟುಕೊಂಡು ಕೆಳಗಿನ ಕಟ್ಟಿಗೆಯನ್ನು ಕೊಳೆಸುತ್ತದೆ. ಕಟ್ಟಿಗೆ ತಿನ್ನುವ ಶಿಲೀಂಧ್ರಕ್ಕೆ ಸಮುದ್ರದ ಉಪ್ಪುನೀರು ಅಷ್ಟಾಗಿ ಹಿಡಿಸುವುದಿಲ್ಲ, ಸಿಹಿನೀರು ಸಿಕ್ಕರೆ ಅದಕ್ಕೆ ಹಬ್ಬ. ಕರಾವಳಿಯಲ್ಲಿ ವರ್ಷಗಟ್ಟಲೆ ತಡೆದುಕೊಂಡಿದ್ದ ಹಲಗೆ ಕೃಷ್ಣೆಯ ಸಿಹಿನೀರಿಗೆ ಬಂದು ಬೇಗನೆ ಮೆತ್ತಗಾದದ್ದಕ್ಕೆ ಇದೇ ಕಾರಣವಿರಬೇಕು. ಹಲಗೆಗೆ ಹೊಡೆದಿದ್ದ ಕಬ್ಬಿಣದ ಸ್ಕ್ರೂಗಳು ತುಕ್ಕಿನ ಪುಡಿಯಾಗಿ, ಕುಂಕುಮ ಚೆಲ್ಲಿದಂಥ ಗುರುತನ್ನಷ್ಟೇ ಉಳಿಸಿದ್ದವು.

ಕಾರ್ಪೆಟ್ಟನ್ನು ಎಳೆದರೆ ಬಂತು, ಅದರ ಅಂಟು ಬರಲಿಲ್ಲ. ಕಳೆ ತೆಗೆಯುವ ಖುರಪಿಯಿಂದ ಕೆರೆದು, ಥಿನ್ನರ್ ಸುರಿದು ಒರೆಸಿ, ಮತ್ತೆ ಕೆರೆದು, ಅಂತೂ ಫೈಬರಿನ ಮೈ ಕಂಡಿತು. ಈಗ ಹೊಸ ನೆಲ ಯಾವುದು ಎಂಬ ಪ್ರಶ್ನೆ ಎದ್ದಿತು. ದೋಣಿಗೆಂದೇ ತಯಾರಾಗುವ, ಇವಿಎ ಎಂಬ ರಬ್ಬರಿನಂಥ ಫೋಮಿನ ಹಾಸು ಇದೆ. ಅದು ನೀರು ಹೀರುವುದಿಲ್ಲ, ಕಾಲಿಗೆ ಮೆತ್ತಗಿರುತ್ತದೆ, ಜಾರುವುದೂ ಕಡಿಮೆ. ಅದರ ದರವನ್ನು ನಾನು ಫೋನಿನಲ್ಲಿ ನೋಡಿ ಹೇಳಿದಾಗ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಷ್ಟು ರೊಕ್ಕಕ್ಕೆ ಇನ್ನೊಂದು ದೋಣಿಯೇ ಬರುತ್ತದೆಂದು ಉತ್ಪ್ರೇಕ್ಷಿಸಿದರು. ಹೀಗಾಗಿ ಮನೆಯಲ್ಲಿಯೇ, ಅಗ್ಗದಲ್ಲಿ, ಸ್ವಂತ ಬುದ್ಧಿಯಿಂದ ನೆಲ ಮಾಡುವುದೆಂದು ತೀರ್ಮಾನವಾಯಿತು. ನಮ್ಮೂರಿನಲ್ಲಿ ಸ್ವಂತ ಬುದ್ಧಿಯೆಂದರೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತ ಎಲ್ಲರ ಬುದ್ಧಿ.

ಕಟ್ಟೆಯ ಮೊದಲ ಸಲಹೆ ಫ್ಲೆಕ್ಸ್ ಬ್ಯಾನರ್ ಆಗಿತ್ತು. ಮೇವಿನ ಬಣಿವೆಗೆ ಹೊದಿಸಲು, ಕಾಳು ಒಣಗಿಸಲು, ಸೋರುವ ಮಾಳಿಗೆಗೆ ಮುಚ್ಚಲು ಅದು ಆಗಿಬರುವಾಗ ದೋಣಿಗೆ ಏಕೆ ಆಗದು? ಸ್ಥಳೀಯ ಮುಖಂಡರೊಬ್ಬರ ಹುಟ್ಟುಹಬ್ಬಕ್ಕೆ ಶುಭ ಕೋರುವ ದೊಡ್ಡದೊಂದು ಬ್ಯಾನರ್ ಸಿಕ್ಕಿತು. ಮುಖ ತುಳಿಯುವುದು ಸರಿಯಲ್ಲವೆಂದು ಕಾಕಾ ಅದನ್ನು ಬೋರಲಾಗಿ, ಬಿಳಿಯ ಮಗ್ಗುಲು ಮೇಲೆ ಬರುವಂತೆ, ಬಡಿಗೇರ ಅಜ್ಜನ ಬಿಳಿ ಅಂಟಿನಿಂದ ಹಚ್ಚಿಸಿದರು. ಫ್ಲೆಕ್ಸಿನ ಮೇಲ್ಮೈ ಪಿವಿಸಿಯದು. ಒಣಗಿದ್ದಾಗ ಸಭ್ಯವಾಗಿರುತ್ತದೆ, ನಾಲ್ಕು ಹನಿ ನೀರು ಬಿದ್ದರೆ ಅದರ ಮೇಲೆ ನಿಲ್ಲುವುದು ಗರಡಿಯ ಪೈಲ್ವಾನರಿಗೂ ಕಷ್ಟ. ಮೊದಲು ಹತ್ತಿದ ಆಡಿನ ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಹೋಗಿ, ಅದು ಹೊಟ್ಟೆಯ ಮೇಲೆ ಕುಳಿತು ನಮ್ಮೆಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿತು. ಬಿಳಿ ಅಂಟು ನೀರಿಗೆ ಕರಗುವಂಥದ್ದೆಂಬುದನ್ನು ಬಡಿಗೇರ ಅಜ್ಜ ಆಮೇಲೆ ನೆನಪಿಸಿಕೊಂಡರು. ಅಷ್ಟರಲ್ಲಿ ನಡುಹೊಳೆಯಲ್ಲಿ ಬೀಸಿದ ಗಾಳಿಗೆ ಬ್ಯಾನರ್ ಮಗುಚಿ, ಮುಖಂಡರು ಕೈಮುಗಿದ ಭಂಗಿಯಲ್ಲಿ ಎದ್ದು ನಿಂತರು. ಅಂದೇ ದೋಣಿಯಲ್ಲಿ ಅವರ ಕಟ್ಟಾ ಅನುಯಾಯಿಯೊಬ್ಬ ಇದ್ದ. ಅವನ ಮೋರೆ ಕೆಂಪಾಗುವುದನ್ನು ಕಂಡು ಕಾಕಾ ಕೂಡಲೇ, “ತುಳ್ಯಾಕ ಹಾಸಿಲ್ಲೋ ಯಪ್ಪಾ, ಸಾಹೇಬ್ರನ್ನ ಹೊಳಿ ತೋರ್ಸಾಕ ಕರ್ಕೊಂಡ ಹೊಂಟೀನಿ” ಎಂದರು. ಅವನು ನಂಬಿದನೋ ಇಲ್ಲವೋ, ಬ್ಯಾನರನ್ನಂತೂ ಅಚ್ಚುಕಟ್ಟಾಗಿ ಸುತ್ತಿ ತನ್ನ ಮನೆಗೆ ಒಯ್ದ.

ಮೊಮ್ಮಗಳ ಆಟದ ಚಾಪೆಯ ಪ್ರಸಂಗವನ್ನು ಬೇಗ ಮುಗಿಸುತ್ತೇನೆ. ಅಕ್ಷರಗಳ ಚೌಕಗಳನ್ನು ಒಂದಕ್ಕೊಂದು ಸಿಕ್ಕಿಸುವ ಆ ಚಾಪೆಯೂ ಇವಿಎ ಫೋಮಿನದೇ ಎಂದು ಕಾಕಾನ ಮಗ, ಐಟಿಐ ಓದುವ ನನ್ನ ತಮ್ಮ, ಕಂಡುಹಿಡಿದ. ವಸ್ತು ಅದೇ ನಿಜ. ಆದರೆ ಅಂಟಿಸದೆ ಹಾಸಿದ ಫೋಮು ಬಿಸಿಲಿಗೆ ಅಂಚು ಮಡಚಿಕೊಂಡಿತು, ಗಾಳಿಗೆ ಎದ್ದು ಹಾರಿತು, ಹಾರಿದ್ದು ಮುಳುಗದೆ ತೇಲಿತು. ಆಚೆ ದಂಡೆಯ ಮೀನುಗಾರರು ಸಿಕ್ಕ ಅಕ್ಷರಗಳನ್ನು ಹೆಕ್ಕಿ ತಂದುಕೊಟ್ಟರು. ಆ ಮಗುವಿನ ಇಂಗ್ಲಿಷ್ ವರ್ಣಮಾಲೆಯಲ್ಲಿ ಕ್ಯೂ ಮತ್ತು ಆರ್ ಇಂದಿಗೂ ಇಲ್ಲ.

ಕೊನೆಗೆ ಹೊಸ ಪ್ಲೈವುಡ್ಡನ್ನೇ ಹಾಕಿ, ಅದಕ್ಕೆ ರಾಳ ಲೇಪಿಸಿ, ಮೇಲೆ ಉಸುಕು ಬೆರೆತ ಬಣ್ಣ ಬಳಿಯುವ ಉಪಾಯಕ್ಕೆ ಬಂದೆವು. ಪ್ಲೈವುಡ್ ಅಂಗಡಿಯಲ್ಲಿ ‘ವಾಟರ್‌ಪ್ರೂಫ್’ ಎನ್ನದ ಹಲಗೆಯೇ ಇರುವುದಿಲ್ಲ. ನಿಜವಾಗಿ ನೀರಿಗೆ ನಿಲ್ಲುವುದು ಐಎಸ್ 710 ಎಂಬ ಭಾರತೀಯ ಮಾನಕದ ಮುದ್ರೆಯುಳ್ಳ ಮರೈನ್ ದರ್ಜೆ; ಅದರ ಮಾದರಿ ತುಂಡು 72 ಗಂಟೆ ಕುದಿಯುವ ನೀರಿನಲ್ಲಿದ್ದರೂ ಪದರು ಬಿಡಬಾರದೆಂಬುದು ನಿಯಮ. ಇದನ್ನು ನಾನು ಕಾಕಾರಿಗೆ ಹೇಳಬಾರದಿತ್ತೆಂದು ಚಿಗವ್ವ ಈಗಲೂ ಅನ್ನುತ್ತಾಳೆ. ಮುದ್ರೆಯಿಲ್ಲದ, ದರ ಕಡಿಮೆಯಿದ್ದ ಹಲಗೆಯ ತುಂಡೊಂದನ್ನು ಕೇಳಿ ತಂದ ಕಾಕಾ, ಅದನ್ನು ಬಚ್ಚಲ ಮನೆಯ ನೀರೊಲೆಯ ಹಂಡೆಯೊಳಗೆ ಇಳಿಬಿಟ್ಟು, ಒಲೆ ಆರದಂತೆ ತೊಗರಿಕಟ್ಟಿಗೆ ಒಟ್ಟುತ್ತ ಕುಳಿತರು. ಮರುದಿನ ಮುಂಜಾನೆ ಅದು ಚಿರೋಟಿಯ ಹಾಗೆ ಪದರು ಪದರಾಗಿ ಬಿಚ್ಚಿಕೊಂಡಿತ್ತು. ಹಂಡೆಯ ನೀರು ಚಹಾದ ಬಣ್ಣಕ್ಕೆ ತಿರುಗಿ, ಬಡಿಗೇರ ಅಂಗಡಿಯ ವಾಸನೆ ಹೊಡೆಯುತ್ತಿತ್ತು. ಅದರಲ್ಲಿಯೇ ಮಿಂದು ಶಾಲೆಗೆ ಹೋದ ಮಕ್ಕಳನ್ನು ಮಾಸ್ತರರು, ಮನೆಯಲ್ಲಿ ಹೊಸ ಕಪಾಟು ಮಾಡಿಸುತ್ತಿದ್ದೀರಾ ಎಂದು ಕೇಳಿದರಂತೆ. ಮುದ್ರೆಯಿದ್ದ ಹಲಗೆಯನ್ನೂ ಪರೀಕ್ಷಿಸಬೇಕೆಂದು ಕಾಕಾ ಹೊರಟಾಗ ಚಿಗವ್ವ ಬಚ್ಚಲ ಬಾಗಿಲಿಗೆ ಅಡ್ಡ ನಿಂತಳು. “ಇನ್ನ ಆ ನೀರಾಗ ನೀವ ಒಬ್ಬರ ಜಳಕಾ ಮಾಡ್ರಿ. ನಾವೆಲ್ಲಾ ಹೊಳಿಗೇ ಹೋಕ್ಕೀವಿ.” ಹಾಗಾಗಿ ಸರ್ಕಾರದ ಮುದ್ರೆಯನ್ನು ನಂಬುವುದು ಅನಿವಾರ್ಯವಾಯಿತು.

ಹಲಗೆ ಕತ್ತರಿಸಲು ಹಳೆಯ ಕಾರ್ಪೆಟ್ಟೇ ಅಳತೆಗೆ ಒದಗಿತು; ಅದು ಮಾಡಿದ ಏಕೈಕ ಉಪಕಾರವೆಂದು ಇದನ್ನು ದಾಖಲಿಸಬೇಕು. ಆದರೆ ತಮ್ಮ ಅದನ್ನು ತಿರುವಿ ಹಾಕಿ ಗೆರೆ ಎಳೆದಿದ್ದರಿಂದ, ತಳದ ನೀರು ಮೊಗೆದು ಚೆಲ್ಲಲು ಎಡಗಡೆ ಬಿಡಬೇಕಾದ ಕಿಂಡಿ ಬಲಗಡೆ ಬಂದಿತು. ಈಗ ನಮ್ಮ ದೋಣಿಗೆ ಎರಡು ಕಿಂಡಿಗಳಿವೆ. ಬಲಗಡೆಯದರಲ್ಲಿ ಕಾಕಾ ಎಲೆ ಅಡಿಕೆಯ ಸಂಚಿ ಇಡುತ್ತಾರೆ.

ರಾಳವನ್ನು ನಾನು ಬೆಳಗಾವಿಯ ಉದ್ಯಮಬಾಗಕ್ಕೆ ಬೇರೆ ಕೆಲಸಕ್ಕೆ ಹೋದಾಗ ತಂದುಕೊಟ್ಟಿದ್ದೆ. ಎಪಾಕ್ಸಿ ಎಂಬ ರಾಳ ಕಟ್ಟಿಗೆಯನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ, ದರವೂ ಕೈಯನ್ನು ಅಷ್ಟೇ ಗಟ್ಟಿಯಾಗಿ ಹಿಡಿಯುತ್ತದೆ. ಆದ್ದರಿಂದ ಪಾಲಿಯೆಸ್ಟರ್ ರಾಳ ಬಂದಿತು. ಇದಕ್ಕೆ ಹಾರ್ಡ್‌ನರ್ ಬೆರೆಸಬೇಕಾದದ್ದು ನೂರಕ್ಕೆ ಒಂದೆರಡು ಪಾಲು ಮಾತ್ರ. ಬೆರೆಸಿದ ಮೇಲೆ ಅದು ತನ್ನಷ್ಟಕ್ಕೆ ಕಾವು ಏರಿ ಗಟ್ಟಿಯಾಗುತ್ತದೆ; ಹೊರಗಿನ ಬಿಸಿಲು ಹೆಚ್ಚಿದ್ದಷ್ಟೂ, ಪಾತ್ರೆಯಲ್ಲಿ ಗುಡ್ಡೆಯಾಗಿ ಕೂತಷ್ಟೂ ಅದಕ್ಕೆ ಅವಸರ. ಸ್ವಲ್ಪ ಸ್ವಲ್ಪವೇ ಬೆರೆಸಿ, ಅಗಲವಾದ ತಟ್ಟೆಯಲ್ಲಿ ಹರಡಿಕೊಂಡು, ನಸುಕಿನ ತಂಪಿನಲ್ಲಿ ಬಳಿಯಬೇಕೆಂದು ಅಂಗಡಿಯವರು ಹೇಳಿದ್ದನ್ನು ನಾನು ಚೀಟಿಯಲ್ಲಿ ಬರೆದು ಕಳಿಸಿದ್ದೆ. ತಮ್ಮ ಚೀಟಿಯನ್ನು ಕಿಸೆಯಲ್ಲಿ ಭದ್ರವಾಗಿಟ್ಟುಕೊಂಡು, ಮೇ ತಿಂಗಳ ಮಧ್ಯಾಹ್ನ, ನಲವತ್ತು ಡಿಗ್ರಿಯ ಬಿಸಿಲಿನಲ್ಲಿ, ಇಡೀ ಡಬ್ಬಿಯನ್ನು ಒಂದೇ ಬಕೇಟಿಗೆ ಸುರಿದು ಕಲಸಿದ. ಮೊದಲ ಬಾರಿ ಬ್ರಷ್ ಅದ್ದಿ ಬಳಿದ. ಎರಡನೆಯ ಬಾರಿ ಅದ್ದಿದ ಬ್ರಷ್ ಮೇಲಕ್ಕೆ ಬರಲಿಲ್ಲ. ಬಕೇಟಿನಿಂದ ಹೊಗೆ ಏಳತೊಡಗಿತು, ಪ್ಲಾಸ್ಟಿಕ್ ಹೊಟ್ಟೆ ಉಬ್ಬಿಸಿ ಒಂದು ಕಡೆ ವಾಲಿತು, ಕಾಕಾ ದೂರದಿಂದಲೇ ಅದರ ಮೇಲೆ ಉಸುಕು ಎರಚುತ್ತ ಕುಲದೇವರನ್ನು ಕರೆದರು. ಬ್ರಷ್ಷು ನೆಟ್ಟಗೆ ನಿಂತಿರುವ ಆ ಗಡ್ಡೆಯನ್ನು ಈಗ ಹಿತ್ತಲ ಬಾಗಿಲು ಗಾಳಿಗೆ ಹಾಕಿಕೊಳ್ಳದಂತೆ ಒತ್ತಾಗಿ ಇಟ್ಟಿದ್ದಾರೆ. ಹಿಡಿಕೆ ಇರುವುದರಿಂದ ಎತ್ತಿಡಲು ಬಹಳ ಅನುಕೂಲ.

ಎರಡನೆಯ ಡಬ್ಬಿಯನ್ನು ಬೆಳಗಿನ ಜಾವ, ಬಟ್ಟಲು ಬಟ್ಟಲಾಗಿ ಬೆರೆಸಿ ಬಳಿದರು. ಹಲಗೆಯ ಮೇಲುಭಾಗಕ್ಕಿಂತ ಕತ್ತರಿಸಿದ ಅಂಚು ಹೆಚ್ಚು ನೀರು ಕುಡಿಯುತ್ತದೆ. ಅಂಚಿಗೆ, ಕೆಳಮೈಗೆ, ಸ್ಕ್ರೂ ಹೋಗುವ ತೂತುಗಳ ಒಳಗೂ ರಾಳ ಹೋಗಬೇಕು. ತೋರಿಕೆಗೆ ಮೇಲಷ್ಟೇ ಬಳಿದರೆ ಕಾರ್ಪೆಟ್ ಹಾಸಿದವರಿಗೂ ನಮಗೂ ವ್ಯತ್ಯಾಸವೇನು? ಸ್ಕ್ರೂಗಳನ್ನು ಈ ಸಲ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವನ್ನೇ ತಂದೆವು. ಬಣ್ಣದ ವಿಷಯದಲ್ಲಿ ಕಾಕಾ ಕಡುಗೆಂಪು ಬೇಕೆಂದು ಹಟ ಹಿಡಿದಿದ್ದರು. ಕಡುಬಣ್ಣ ಬಿಸಿಲನ್ನು ಹೀರಿ ಬರಿಗಾಲಿಗೆ ಬರೆ ಎಳೆಯುತ್ತದೆಂದು ಅವರಿಗೆ ಮನವರಿಕೆ ಮಾಡಲು, ಗೌಡರ ಟ್ರ್ಯಾಕ್ಟರಿನ ಕೆಂಪು ಬಾನೆಟ್ಟಿನ ಮೇಲೆ ಮಟಮಟ ಮಧ್ಯಾಹ್ನ ಅಂಗೈ ಇಡಿಸಬೇಕಾಯಿತು. ತಿಳಿ ಬೂದುಬಣ್ಣ ನಿಶ್ಚಯವಾಯಿತು.

ಉಸುಕಿನ ಕೆಲಸ ನೋಡಲು ಸರಳ. ಬಣ್ಣ ಹಸಿಯಿರುವಾಗಲೇ ಮೇಲಿಂದ ಸಮನಾಗಿ ಉದುರಿಸಬೇಕು, ಒಣಗಿದ ಮೇಲೆ ಹಿಡಿಯದೆ ಉಳಿದದ್ದನ್ನು ಕಸಬರಿಗೆಯಿಂದ ಗುಡಿಸಿ ತೆಗೆದು, ಮತ್ತೊಂದು ಕೈ ಬಣ್ಣ ಬಳಿಯಬೇಕು. ಆದರೆ ಉಸುಕನ್ನು ಮಣ್ಣು ಹೋಗುವಂತೆ ತೊಳೆದು, ಕಾಳಿನಂತೆ ಒಣಗಿಸಿ, ಸಣ್ಣ ಕಣ್ಣಿನ ಸಾಣಿಗೆಯಲ್ಲಿ ಹಿಡಿಯಬೇಕು. ಮನೆಯಲ್ಲಿದ್ದ ಸಣ್ಣ ಕಣ್ಣಿನ ಸಾಣಿಗೆ ಚಿಗವ್ವನ ರವೆಯದು. ಆ ವಾರ ಮಾಡಿದ ಉಪ್ಪಿಟ್ಟಿನ ಬಗ್ಗೆ ಯಾರೂ ಮಾತನಾಡಲಿಲ್ಲ. ಎಲ್ಲರೂ ನಿಧಾನವಾಗಿ ಅಗಿದರು. ಸಾಣಿಗೆ ಸಿಗುವ ಮೊದಲು ಮೂತಿಯ ಹತ್ತಿರ ಒರಟು ಉಸುಕನ್ನೇ ಹಾಕಿದ ಒಂದು ತುಣುಕು ಹಾಗೆಯೇ ಉಳಿದಿದೆ. ಅಲ್ಲಿ ನಿಂತು ಹಗ್ಗ ಎಳೆದೆಳೆದು ಕಾಕಾರ ಹಿಮ್ಮಡಿಯ ಒಡಕೆಲ್ಲ ಸವೆದು ನುಣುಪಾಗಿ, ಹಿಮ್ಮಡಿ ತಿಕ್ಕುವ ಕಲ್ಲಿನ ಖರ್ಚು ಉಳಿದಿದೆ.

ಹೊಳೆ ತುಂಬಿದ ಮೇಲೆ ಪರೀಕ್ಷೆ ನಡೆಯಿತು. ಕಟ್ಟೆಯವರೆಲ್ಲ ದಂಡೆಗೆ ಬಂದಿದ್ದರು. ಫ್ಲೆಕ್ಸಿನ ದಿನ ಜಾರಿ ಕುಳಿತಿದ್ದ ಆಡನ್ನೇ ಮುಂದೆ ಮಾಡಿದರು. ಅದು ಒಂದು ಕಾಲಿಟ್ಟು, ಗೊರಸಿನಿಂದ ಕೆರೆದು, ಮೂಸಿ, ಇನ್ನೊಂದು ಕಾಲಿಟ್ಟಿತು. ಕಾಕಾ ಒಂದು ಕೊಡ ನೀರು ಸುರಿದರು. ಆಡು ಕದಲಲಿಲ್ಲ, ಸೊಕ್ಕಿನಿಂದ ಹಿಕ್ಕೆ ಹಾಕಿತು. ಕಾಕಾ ಇನ್ನೊಂದು ಕೊಡ ಸುರಿದರು, ಹಿಕ್ಕೆಯೆಲ್ಲ ಎಡಗಡೆಯ ಕಿಂಡಿಯ ಕಡೆಗೆ ಹರಿದು ಹೋಯಿತು. ಕಾರ್ಪೆಟ್ ಇದ್ದ ಕಾಲದಲ್ಲಿ ಅವನ್ನು ಒಂದೊಂದಾಗಿ ಹೆಕ್ಕಬೇಕಾಗುತ್ತಿತ್ತೆಂಬುದನ್ನು ಬಲ್ಲ ನನಗೆ, ಇಷ್ಟು ಶಾಸ್ತ್ರೋಕ್ತವಾದ ಉದ್ಘಾಟನೆಯನ್ನು ಯಾವ ಮಂತ್ರಿಯೂ ಮಾಡಲಾರರೆನಿಸಿತು.

ಉಳಿದ ಬಣ್ಣ, ಉಸುಕನ್ನು ಚಿಗವ್ವ ವಶಪಡಿಸಿಕೊಂಡು ಬಚ್ಚಲ ಮನೆಯ ನೆಲಕ್ಕೆ ಹಾಕಿಸಿದಳು. ಅಲ್ಲಿ ಜಾರಿ ಬೀಳುವ ಅತಿಥಿಗಳಿಗೆ ಅರಿಸಿನ ಹಚ್ಚುವ ಕೆಲಸ ತಪ್ಪಿದ್ದರಿಂದ ಅವಳಿಗೆ ದೋಣಿಯ ಮೇಲಿದ್ದ ಸಿಟ್ಟೂ ಇಳಿಯಿತು. ಪ್ರತಿ ವರ್ಷ ಹೊಳೆ ತುಂಬುವ ಮೊದಲು ಸವೆದ ಜಾಗಗಳಿಗೆ ಇನ್ನೊಂದು ಕೈ ಬಣ್ಣ ಬೇಕಾಗುತ್ತದೆ. ದೋಣಿ ನಡೆಯುವುದು ನೀರಿರುವ ತಿಂಗಳುಗಳಲ್ಲಿ ಮಾತ್ರ, ಬಚ್ಚಲು ನಡೆಯುವುದು ದಿನಾಲೂ. ಆದ್ದರಿಂದ ಮುಂದಿನ ವರ್ಷದ ಬಣ್ಣವನ್ನು ತಾನೇ ಆರಿಸುವುದಾಗಿ ಚಿಗವ್ವ ಹೇಳಿಬಿಟ್ಟಿದ್ದಾಳೆ. ಅವಳಿಗೆ ಗುಲಾಬಿ ಇಷ್ಟ.